ಡಿಟೆಕ್ಟರ್ ಹಿಡಿದು ಕೋಟೆಗೆ ಹೋಗಬೇಡಿ

ಪ್ರಶ್ನೆ: ನಾನು ದೊಡವಾಡದವ. ಮೆಟಲ್ ಡಿಟೆಕ್ಟರ್ ಕೊಂಡಿದ್ದೇನೆ. ರಾತ್ರಿ ಒಬ್ಬನೇ ಕಿತ್ತೂರು ಕೋಟೆಯಲ್ಲಿ ಹುಡುಕಿದರೆ ಅಪಾಯವೇ?

ಉತ್ತರ: ಅಪಾಯವೇ, ಅದೂ ಕಳ್ಳರಿಗಿಂತ ಮೊದಲು ಊರವರಿಂದ. ನಮ್ಮ ಕಡೆ ಕತ್ತಲಲ್ಲಿ ಕೋಟೆ, ಹಾಳುಗುಡಿಯ ಹತ್ತಿರ ಸಲಿಕೆ ಹಿಡಿದವನನ್ನು ಯಾರೂ ಹವ್ಯಾಸಿ ಅನ್ನುವುದಿಲ್ಲ. ನಿಧಿಗಳ್ಳ ಅಂತ ಹಿಡಿದು ಬಡಿದಾರು. ಆಮೇಲೆ ಪೊಲೀಸರು. 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ ಆ ಕೋಟೆ ಸಂರಕ್ಷಿತ ಸ್ಮಾರಕ, ಅಲ್ಲಿ ಅಗೆಯುವುದೇ ಅಪರಾಧ. ಬೇರೆಲ್ಲೇ ನಿಧಿ ಸಿಕ್ಕರೂ ಸರ್ಕಾರಕ್ಕೆ ತಿಳಿಸಲೇಬೇಕು.

ಹವ್ಯಾಸ ಬಿಡಿ ಅನ್ನಲಾರೆ. ಸ್ವಂತ ಹೊಲದಲ್ಲಿ, ಹಗಲು ಹೊತ್ತು, ಜೊತೆಗೊಬ್ಬರನ್ನು ಕರೆದುಕೊಂಡು ಹುಡುಕಿ. ಪರರ ಹೊಲವಾದರೆ ಕೇಳಿಯೇ ಕಾಲಿಡಿ. ಹೆಡ್‌ಫೋನ್ ಒಂದೇ ಕಿವಿಗೆ ಸಾಕು, ಇನ್ನೊಂದು ಹಿಂದೆ ಬರುವವರಿಗಿರಲಿ. ಕಲ್ಲುಸಂದಿಗೆ ಕೈ ಹಾಕಬೇಡಿ, ಹಾವಿದ್ದೀತು. ಸ್ಫೋಟಕದಂಥದ್ದು ಕಂಡರೆ ಮುಟ್ಟದೆ ದೂರ ಸರಿದು 112ಕ್ಕೆ ಕರೆ ಮಾಡಿ.