ಕಿಡಿಯ ಜಾಡು

ಯಂತ್ರವು ಮಾತನಾಡಲಾರದು. ಆದರೆ ಕ್ರಮವರಿತು ಪ್ರಶ್ನಿಸುವವನಿಗೆ ಅದು ಉತ್ತರ ಕೊಡದೆ ಇರುವುದಿಲ್ಲ. ಹೊರಡಲೊಲ್ಲದ ಒಂದು ಹಳೆಯ ಕಾರಿನ ಪ್ರಸಂಗ ಈ ಮಾತಿಗೆ ನಿದರ್ಶನವಾಗಬಲ್ಲದು.

ಪೆಟ್ರೋಲ್ ಎಂಜಿನ್ನು ನಡೆಯಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲ್, ಆ ಮಿಶ್ರಣದ ಮೇಲೆ ಒತ್ತಡ, ಸಕಾಲದಲ್ಲಿ ಅದನ್ನು ಹೊತ್ತಿಸುವ ವಿದ್ಯುತ್ ಕಿಡಿ. ಬ್ಯಾಟರಿಯಲ್ಲಿರುವುದಾದರೋ ಕೇವಲ 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿರುವ ಕಿರಿದಾದ ಸಂದನ್ನು ಕಿಡಿಯು ದಾಟಲು ಸಾವಿರಾರು ವೋಲ್ಟ್ ಬೇಕು. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇಲ್ಲಿ ನೆರವಿಗೆ ಬರುತ್ತದೆ. ಕಾಯಿಲ್ ಎಂಬ ಸಾಧನದೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಸುರುಳಿಗಳಿವೆ. ಒಂದರಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳು. ಇನ್ನೊಂದರಲ್ಲಿ ಕೂದಲೆಳೆಯಂಥ ತಂತಿಯ ಹಲವು ಸಾವಿರ ಸುತ್ತುಗಳು. ಮೊದಲನೆಯದರ ವಿದ್ಯುತ್ ಪ್ರವಾಹವನ್ನು ಥಟ್ಟನೆ ಕಡಿದಾಗ ಎರಡನೆಯದರಲ್ಲಿ ಅಧಿಕ ವೋಲ್ಟೇಜು ಹುಟ್ಟುತ್ತದೆ. ಹಾಗೆ ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳದು. ನಾಲ್ಕು ಸಿಲಿಂಡರಿನ ಕಾರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅವು ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತವೆ. ಪಾಯಿಂಟುಗಳು ಕಿಡಿ ಹಾರಿ ಸುಡದಂತೆ ಪಕ್ಕದಲ್ಲಿಯೇ ಇರುವ ಪುಟ್ಟ ಕಂಡೆನ್ಸರು ಅವನ್ನು ಕಾಪಾಡುತ್ತದೆ.

ಮಲೆನಾಡಿನ ಒಂದು ಊರಿನಲ್ಲಿ ಮಳೆ ಹಿಡಿದ ಮುಂಜಾನೆ. ಬಾಡಿಗೆ ಕಾರಿನ ಮಾಲೀಕನೊಬ್ಬನು ತನ್ನ ಕಾರನ್ನು ಜನರಿಂದ ತಳ್ಳಿಸಿಕೊಂಡು ದುರಸ್ತಿಯ ಅಂಗಡಿಗೆ ಬಂದನು. ಅಂದಿನ ಬಾಡಿಗೆ ತಪ್ಪಿದರೆ ಅಂದಿನ ಗಳಿಕೆಯೇ ಇಲ್ಲ. ಕೀಲಿಕೈ ತಿರುಗಿಸಿದರೆ ಎಂಜಿನ್ನು ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುತ್ತಿತ್ತು. ಕೆಲಸ ಕಲಿಯುತ್ತಿದ್ದ ಹುಡುಗನು, “ಮೇಸ್ತ್ರಿಗಳೇ, ಕಾಯಿಲ್ಲೇ ಹೋಗಿರಬೇಕು. ಹೊಸದನ್ನು ಹಾಕಿಬಿಡೋಣವೇ?” ಎಂದನು.

“ಇರಬೇಕು ಎಂದರೆ ಆಯಿತೇ ಮಗು? ಅದರ ಬೆಲೆ ತೆರುವವರು ಇವರು, ನಾವಲ್ಲ. ಮೊದಲು ಪರೀಕ್ಷಿಸು” ಎಂದರು ಮೇಸ್ತ್ರಿ.

ಅವರು ಕಾಯಿಲ್ಲಿನಿಂದ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ಹೋಗುವ ದಪ್ಪ ತಂತಿಯನ್ನು ಬಿಡಿಸಿ, ವಿದ್ಯುತ್ ತಗುಲದಂತೆ ಹಿಡಿಯಿರುವ ಇಕ್ಕಳದಿಂದ ಅದರ ತುದಿಯನ್ನು ಎಂಜಿನ್ನಿನ ಲೋಹದ ಬಳಿ ಹಿಡಿದರು. ಕಾರ್ಬ್ಯುರೇಟರಿನಿಂದ ದೂರವಿರಲು ಮರೆಯಲಿಲ್ಲ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಎಂಜಿನ್ನು ತಿರುಗಿತು. ಕಿಡಿ ಬರಲಿಲ್ಲ.

“ನೋಡು, ಕಾಯಿಲ್ಲಿನಿಂದಲೇ ಕಿಡಿ ಹೊರಡುತ್ತಿಲ್ಲ. ಮುಚ್ಚಳ, ಪ್ಲಗ್ಗುಗಳನ್ನು ಈಗ ಮುಟ್ಟಬೇಕಿಲ್ಲ. ಅರ್ಧ ದಾರಿ ಕಳೆಯಿತು.”

ಬಳಿಕ ಟೆಸ್ಟ್ ಲ್ಯಾಂಪಿನ ಒಂದು ತಂತಿಯನ್ನು ಎಂಜಿನ್ನಿನ ಲೋಹಕ್ಕೆ ಸೇರಿಸಿ, ಇನ್ನೊಂದನ್ನು ಬ್ಯಾಟರಿಯಿಂದ ಕಾಯಿಲ್ಲಿಗೆ ವಿದ್ಯುತ್ತು ಬರುವ ಕೊನೆಗೆ ಮುಟ್ಟಿಸಿದರು. ದೀಪ ಉರಿಯಿತು. ಬ್ಯಾಟರಿಯೂ ಅಲ್ಲಿಯವರೆಗಿನ ತಂತಿಯೂ ನಿರ್ದೋಷಿಗಳೆಂದಾಯಿತು. ಪಾಯಿಂಟುಗಳ ಕಡೆಯ ಕೊನೆಗೆ ಮುಟ್ಟಿಸಿ ಎಂಜಿನ್ನನ್ನು ತಿರುಗಿಸಿದಾಗ ದೀಪವು ಮಿಣುಕಬೇಕಾಗಿತ್ತು. ಅದು ಮಿಣುಕದೆ ಒಂದೇ ಸಮನೆ ಉರಿಯಿತು. ಪಾಯಿಂಟುಗಳು ಒಂದನ್ನೊಂದು ತಾಕಿದರೂ ಅವುಗಳ ಮೂಲಕ ಪ್ರವಾಹವು ಹರಿಯುತ್ತಿಲ್ಲವೆಂದು ಇದರ ಅರ್ಥ.

ಮುಚ್ಚಳ ತೆಗೆದು ನೋಡಿದರೆ ಪಾಯಿಂಟುಗಳ ಮುಖ ಸುಟ್ಟು ಕರಿಕಟ್ಟಿತ್ತು. ಸಣ್ಣ ಅರದಿಂದ ಉಜ್ಜಿ, ಅವುಗಳ ನಡುವಣ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಹೊಂದಿಸಿದರು. ಕಿಡಿ ಬಂದಿತು. ಹುಡುಗನು ಹಿಗ್ಗಿದನು. ಮೇಸ್ತ್ರಿ ಮಾತ್ರ ತಲೆಯಾಡಿಸಿದರು. ಕಿಡಿ ಹಳದಿಯಾಗಿ ಬಡಕಲಾಗಿತ್ತು. ಪಾಯಿಂಟುಗಳ ನಡುವೆಯೇ ದೊಡ್ಡ ಕಿಡಿ ಹಾರುತ್ತಿತ್ತು.

“ಬೇಕಾದಲ್ಲಿ ಬರುವ ಬದಲು ಬೇಡವಾದಲ್ಲಿ ಬರುತ್ತಿದೆ. ಕಂಡೆನ್ಸರು ಕೆಟ್ಟಿದೆ. ಪಾಯಿಂಟು ಸುಟ್ಟದ್ದು ಅದರಿಂದಲೇ. ಇದನ್ನು ಹೀಗೆಯೇ ಕಳುಹಿಸಿದರೆ ಇವರು ದಾರಿಯ ನಡುವೆ ನಿಲ್ಲುತ್ತಾರೆ.”

ಅಲ್ಪ ಬೆಲೆಯ ಹೊಸ ಕಂಡೆನ್ಸರನ್ನು ಕೂರಿಸಿದೊಡನೆ ನೀಲಿಯಾದ ದೃಢವಾದ ಕಿಡಿ ಚಟಚಟನೆ ಹಾರಿತು. ತಂತಿಯನ್ನು ಮರಳಿ ಜೋಡಿಸಿ ಕೀಲಿಕೈ ತಿರುಗಿಸಿದಾಗ ಎಂಜಿನ್ನು ಹೊತ್ತಿಕೊಂಡಿತು. ಮಾಲೀಕನು ಬಾಡಿಗೆಗೆ ಹೊರಟನು. ಹುಡುಗನು ಕೈಯಲ್ಲಿದ್ದ ಹೊಸ ಕಾಯಿಲ್ಲನ್ನು ಮೌನವಾಗಿ ಕಪಾಟಿನಲ್ಲಿಟ್ಟನು.

ಇಂದಿನ ಕಾರುಗಳಲ್ಲಿ ಇಂಥ ಪಾಯಿಂಟುಗಳಿಲ್ಲ. ಪ್ರವಾಹವನ್ನು ಕಡಿಯುವ ಕೆಲಸವನ್ನು ಟ್ರಾನ್ಸಿಸ್ಟರು ಮಾಡುತ್ತದೆ. ಉಪಕರಣಗಳು ಬದಲಾದರೂ ದೋಷವನ್ನು ಹುಡುಕುವ ವಿಧಾನ ಬದಲಾಗಿಲ್ಲ. ಊಹೆಯನ್ನು ಪರೀಕ್ಷೆಗೆ ಒಡ್ಡಬೇಕು. ಒಂದೊಂದು ಕೊಂಡಿಯನ್ನೂ ಬೇರೆಬೇರೆಯಾಗಿ ನೋಡಬೇಕು. ದೋಷ ಸಿಕ್ಕಿದ ಮೇಲೂ ಅದಕ್ಕೆ ಕಾರಣವೇನೆಂದು ಕೇಳಬೇಕು. ತಿಳಿಯದೆ ಬದಲಿಸುವುದು ಸುಲಭ. ತಿಳಿದು ಸರಿಪಡಿಸುವುದೇ ವಿದ್ಯೆ.

ಅಭ್ಯಾಸ

1. ಕಾಯಿಲ್ಲಿನಲ್ಲಿ ಅಧಿಕ ವೋಲ್ಟೇಜು ಉಂಟಾಗುವ ಬಗೆಯನ್ನು ವಿವರಿಸಿರಿ.
2. ಟೆಸ್ಟ್ ಲ್ಯಾಂಪು ಮಿಣುಕದೆ ಉರಿದುದರಿಂದ ಮೇಸ್ತ್ರಿ ಏನನ್ನು ಅರಿತರು?
3. ಕಿಡಿ ಬಂದ ಮೇಲೂ ಮೇಸ್ತ್ರಿ ತೃಪ್ತರಾಗಲಿಲ್ಲವೇಕೆ?
4. “ಅದರ ಬೆಲೆ ತೆರುವವರು ಇವರು, ನಾವಲ್ಲ” – ಸಂದರ್ಭದೊಡನೆ ವಿವರಿಸಿರಿ.