ಬ್ರೇಕಿನಡಿಯಲ್ಲಿ ಸವೆಯುವ ಹಣ: ಮಿತವ್ಯಯದ ಕಾರು ಚಾಲನೆ ಕುರಿತು ಒಂದು ವಿವೇಚನೆ

ಪ್ರತಿಯೊಂದು ವ್ಯಾಪಾರಿ ಸಂಸ್ಥೆಯ ಖಾತೆ ಪುಸ್ತಕದಲ್ಲಿಯೂ ‘ವಾಹನ ಖರ್ಚು’ ಎಂಬ ಒಂದು ಶೀರ್ಷಿಕೆ ಇದ್ದೇ ಇರುತ್ತದೆ. ಅದರಡಿಯಲ್ಲಿ ಇಂಧನ, ದುರಸ್ತಿ, ಟೈರು, ವಿಮೆ, ಚಾಲಕನ ವೇತನ ಎಂದು ಬೇರೆ ಬೇರೆ ಬಾಬುಗಳು. ವರ್ಷಾಂತ್ಯದಲ್ಲಿ ಒಟ್ಟು ಮೊತ್ತವನ್ನು ಕಂಡಾಗ ಪೆಟ್ರೋಲಿನ ದರವನ್ನೋ ಕಾರಿನ ತಯಾರಕರನ್ನೋ ದೂರುವುದು ನಮ್ಮಲ್ಲಿ ವಾಡಿಕೆ. ದರ ನಮ್ಮ ಕೈಯಲ್ಲಿಲ್ಲ ಎಂಬುದು ನಿಜ. ಆದರೆ ಇಂಧನದ ಬಾಬು, ಬ್ರೇಕು ಮತ್ತು ಟೈರಿನ ಬಾಬು, ಅಪಘಾತದಿಂದ ಒದಗುವ ನಷ್ಟ, ಹೊಗೆಯಿಂದ ಊರಿಗಾಗುವ ಕೇಡು ಇವೆಲ್ಲ ಹೊರನೋಟಕ್ಕೆ ಬೇರೆಯಾಗಿ ಕಂಡರೂ ಬಹುಮಟ್ಟಿಗೆ ಒಂದೇ ಸ್ಥಳದಲ್ಲಿ ಹುಟ್ಟುತ್ತವೆ. ಆ ಸ್ಥಳ ಚಾಲಕನ ಬಲಗಾಲು. ಮಿತವ್ಯಯವೆಂದೊಡನೆ ಎಲ್ಲರೂ ಆಕ್ಸಿಲರೇಟರನ್ನು ನೆನೆಯುತ್ತಾರೆ. ಆದರೆ ಹಣ ನಿಜವಾಗಿ ಸವೆಯುವುದು ಬ್ರೇಕಿನಲ್ಲಿ ಎಂಬುದನ್ನು ಲೆಕ್ಕಸಹಿತ ತೋರಿಸುವುದು ಈ ಲೇಖನದ ಉದ್ದೇಶ.

ಒಂದು ನಿಲುಗಡೆಯ ಬೆಲೆ

ಚಲಿಸುವ ವಸ್ತುವಿನಲ್ಲಿ ಅದರ ತೂಕಕ್ಕೂ ವೇಗದ ವರ್ಗಕ್ಕೂ ಅನುಗುಣವಾದ ಚಲನಶಕ್ತಿ ಇರುತ್ತದೆಂದು ಪ್ರೌಢಶಾಲೆಯಲ್ಲಿಯೇ ಓದಿದ್ದೇವೆ. ಪ್ರಯಾಣಿಕರೂ ಸೇರಿ 1,200 ಕಿ.ಗ್ರಾಂ. ತೂಗುವ ಕಾರೊಂದು ಗಂಟೆಗೆ 60 ಕಿ.ಮೀ. ವೇಗದಲ್ಲಿರುವಾಗ ಅದರಲ್ಲಿ ಸುಮಾರು 167 ಕಿಲೋಜೂಲ್ ಶಕ್ತಿ ಅಡಗಿರುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೂ ಅದರ ಕಾಲುಭಾಗವಷ್ಟೇ ಚಕ್ರಗಳನ್ನು ತಲುಪುತ್ತದೆಂದು ಹಿಡಿಯೋಣ. ಉಳಿದದ್ದು ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಬಿಸಿಯಾಗಿ ಹೊರಹೋಗುತ್ತದೆ. ಈ ಲೆಕ್ಕದಂತೆ ನಿಂತ ಕಾರನ್ನು 60 ಕಿ.ಮೀ. ವೇಗಕ್ಕೆ ತರಲು, ಗಾಳಿ ಮತ್ತು ರಸ್ತೆಯ ತಡೆಯನ್ನು ಹೊರತುಪಡಿಸಿ, ಸುಮಾರು 20 ಮಿಲಿಲೀಟರ್ ಪೆಟ್ರೋಲ್ ಬೇಕಾಗುತ್ತದೆ. ಬ್ರೇಕ್ ಒತ್ತಿ ಕಾರನ್ನು ನಿಲ್ಲಿಸಿದ ಕ್ಷಣದಲ್ಲಿ ಹೀಗೆ ಕೊಂಡು ತುಂಬಿಸಿದ ಶಕ್ತಿಯೆಲ್ಲವೂ ಡಿಸ್ಕು ಡ್ರಮ್ಮುಗಳಲ್ಲಿ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಪೆಟ್ರೋಲಿನ ದರವನ್ನು ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಅಂತಹ ಒಂದು ನಿಲುಗಡೆಯ ಬೆಲೆ 2 ರೂಪಾಯಿ. ಐವತ್ತು ಸಲ ಹಾಗೆ ನಿಂತರೆ ಒಂದು ಲೀಟರ್ ಖಾಲಿ. ತಕ್ಕಡಿಯಲ್ಲಿ ಐದು ಗ್ರಾಂ ಹೆಚ್ಚು ಹೋದರೆ ಎಚ್ಚೆತ್ತುಕೊಳ್ಳುವ ನಾವು ಈ ಸೋರಿಕೆಯನ್ನು ಗಮನಿಸುವುದೇ ಇಲ್ಲ.

ನಿಲ್ಲದೆ ಇರಲಾಗದು, ಬ್ರೇಕ್ ಒತ್ತದೆಯೂ ಇರಲಾಗದು. ಎದುರಿಗೆ ಮಗುವೊಂದು ಓಡಿ ಬಂದಾಗ ಪೆಟ್ರೋಲಿನ ಲೆಕ್ಕ ಹಾಕುವವರುಂಟೇ? ಮಾತು ಇರುವುದು ತಪ್ಪಿಸಬಹುದಾಗಿದ್ದ ಬ್ರೇಕಿನ ಬಗ್ಗೆ. ನಮ್ಮ ಊರುಗಳ ರಸ್ತೆ ಉಬ್ಬುಗಳನ್ನೇ ತೆಗೆದುಕೊಳ್ಳಿ. ಇನ್ನೂರು ಮೀಟರ್ ಅಂತರದಲ್ಲಿ ಎರಡು ಉಬ್ಬುಗಳಿರುತ್ತವೆ. ಒಬ್ಬ ಚಾಲಕ ಮೊದಲನೆಯದನ್ನು ದಾಟಿದೊಡನೆ ಆಕ್ಸಿಲರೇಟರ್ ತುಳಿದು 50 ಕಿ.ಮೀ. ವೇಗ ತಲುಪಿ, ಎರಡನೆಯದರ ಮುಂದೆ ಬ್ರೇಕ್ ಒತ್ತುತ್ತಾನೆ. ಇನ್ನೊಬ್ಬನು 30 ಕಿ.ಮೀ. ವೇಗಕ್ಕೆ ಬಂದು, ನಡುವೆಯೇ ಕಾಲು ತೆಗೆದು, ಕಾರು ತಾನಾಗಿ ನಿಧಾನಗೊಳ್ಳುವಂತೆ ಬಿಡುತ್ತಾನೆ. ಇಬ್ಬರ ನಡುವಿನ ಕಾಲದ ಅಂತರ ಹತ್ತು ಸೆಕೆಂಡೂ ಇರದು. ಬಿಳಿ ಬಣ್ಣವನ್ನೇ ಕಾಣದ ಉಬ್ಬುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳ ವಿಷಯದಲ್ಲಿ ಚಾಲಕನನ್ನು ದೂರಲಾಗದು. ಆದರೆ ದಿನವೂ ಓಡಾಡುವ ರಸ್ತೆಯ ಉಬ್ಬು ಎಲ್ಲಿದೆಯೆಂದು ತಿಳಿದಿದ್ದೂ ಅದರ ಮುಂದೆ ಬ್ರೇಕ್ ಒತ್ತುವುದು ಅಭ್ಯಾಸದೋಷವೇ ಸರಿ.

ಆದ್ದರಿಂದ ಮಿತವ್ಯಯದ ಚಾಲನೆಯ ಮುಖ್ಯ ಪಾಠ ಕಣ್ಣಿನದು. ಮುಂದಿನ ಕಾರಿನ ಹಿಂಬದಿಯನ್ನಷ್ಟೇ ನೋಡುತ್ತ ಹೋಗುವವನು ಅದು ಬ್ರೇಕ್ ಒತ್ತಿದಾಗಲೆಲ್ಲ ತಾನೂ ಒತ್ತಬೇಕಾಗುತ್ತದೆ. ಇನ್ನೂರು ಮುನ್ನೂರು ಮೀಟರ್ ಮುಂದಕ್ಕೆ ದೃಷ್ಟಿಯಿಟ್ಟವನಿಗೆ ಕೆಂಪು ದೀಪ, ನಿಂತ ಬಸ್ಸು, ರಸ್ತೆ ದಾಟಲು ಅಣಿಯಾದ ದನ ಇವೆಲ್ಲ ಮೊದಲೇ ಗೋಚರಿಸುತ್ತವೆ. ಆತ ಬ್ರೇಕಿನ ಬದಲು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ, ಅಷ್ಟೇ. ಮುಂದಿನ ವಾಹನ ಒಂದು ಮೈಲಿಗಲ್ಲನ್ನು ದಾಟಿದ ಮೇಲೆ ನಮ್ಮ ಕಾರು ಅದೇ ಕಲ್ಲನ್ನು ತಲುಪಲು ಕನಿಷ್ಠ ಎರಡು ಸೆಕೆಂಡು ಹಿಡಿಯಬೇಕೆಂಬ ನಿಯಮ ಸುರಕ್ಷತೆಯ ದೃಷ್ಟಿಯಿಂದ ಹುಟ್ಟಿದ್ದು. ಮಳೆಯಲ್ಲಿ ಆ ಅಂತರವನ್ನು ಇಮ್ಮಡಿಗೊಳಿಸಬೇಕು. ಅದೇ ನಿಯಮ ಪೆಟ್ರೋಲನ್ನೂ ಉಳಿಸುತ್ತದೆ.

ನ್ಯೂಟ್ರಲ್ ಎಂಬ ಭ್ರಮೆ

ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲಿಗೆ ತಂದರೆ, ಅಥವಾ ಎಂಜಿನ್ನನ್ನೇ ಆರಿಸಿದರೆ ಉಳಿತಾಯವಾಗುತ್ತದೆಂಬ ನಂಬಿಕೆ ನಮ್ಮ ಚಾಲಕರಲ್ಲಿ ಆಳವಾಗಿ ಬೇರೂರಿದೆ. ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳ ಕಾಲದಲ್ಲಿ ಇದಕ್ಕೆ ಸ್ವಲ್ಪ ಆಧಾರವಿತ್ತು. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರು ಹಾಕಿರುವಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರಿನ ಗಣಕವು ಇಂಧನವನ್ನು ಪೂರ್ತಿಯಾಗಿ ನಿಲ್ಲಿಸಿಬಿಡುತ್ತದೆ; ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲಿನಲ್ಲಿಯಾದರೆ ಎಂಜಿನ್ ಆರದಂತೆ ಉಳಿಯಲು ಪೆಟ್ರೋಲ್ ಉರಿಯಲೇಬೇಕು. ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲಿನ ಕಾರು ತುಸು ಹೆಚ್ಚು ದೂರ ಉರುಳುತ್ತದೆಂಬುದು ನಿಜವಾದರೂ ಘಾಟಿಯಲ್ಲಿ ಬೇಕಾಗಿರುವುದು ಹೆಚ್ಚು ಉರುಳುವುದಲ್ಲ, ಹಿಡಿತ.

ಕೆಲವು ವರ್ಷಗಳ ಹಿಂದೆ ನಾನು ಪ್ರಯಾಣಿಸುತ್ತಿದ್ದ ಬಾಡಿಗೆ ಕಾರಿನ ಚಾಲಕನು ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಎಂಜಿನ್ ಆರಿಸಿ ಇಳಿಯತೊಡಗಿದನು. ಎರಡು ತಿರುವುಗಳ ನಂತರ ಸುಟ್ಟ ವಾಸನೆ ಬಂದಿತು. ನಿಲ್ಲಿಸೆಂದು ಹೇಳಿ ಕಾರಣ ಕೇಳಿದಾಗ ಆತ ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ: “ಏನು ಮಾಡೋದು ಸಾರ್, ಲೀಟರಿಗೆ ಇಷ್ಟು ಕಿಲೋಮೀಟರ್ ಬರಲಿಲ್ಲ ಅಂದ್ರೆ ಓನರ್ ಸಂಬಳದಲ್ಲಿ ಹಿಡೀತಾರೆ.”

ಎಂಜಿನ್ ಆರಿದೊಡನೆ ಬ್ರೇಕಿಗೆ ನೆರವಾಗುವ ಬೂಸ್ಟರಿನ ಬಲ ಒಂದೆರಡು ಒತ್ತಿಗೆ ಮುಗಿದುಹೋಗುತ್ತದೆ. ಪವರ್ ಸ್ಟೀರಿಂಗ್ ಕಲ್ಲಿನಂತಾಗುತ್ತದೆ. ಬೀಗದ ಕೈಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರತೆಗೆದರಂತೂ ಸ್ಟೀರಿಂಗ್ ಲಾಕ್ ಆಗುವ ಸಂಭವವುಂಟು. ಎಂಜಿನ್ ಚಾಲನೆಯಲ್ಲಿದ್ದರೂ ನ್ಯೂಟ್ರಲಿನಲ್ಲಿ ಇಳಿದರೆ ಕಾರಿನ ಸಮಸ್ತ ಭಾರವನ್ನೂ ಬ್ರೇಕುಗಳೇ ಹೊರಬೇಕು. ನಿರಂತರ ಒತ್ತಡದಿಂದ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಹಳೆಯ ಬ್ರೇಕ್ ಆಯಿಲಿನಲ್ಲಿ ತೇವಾಂಶ ಸೇರಿದ್ದರೆ ಅದು ಕುದಿದು ಪೆಡಲು ಮೆತ್ತಗೆ ಕೆಳಗಿಳಿಯುತ್ತದೆ. ಆಗುಂಬೆಯ 14 ಕಡಿದಾದ ತಿರುವುಗಳಲ್ಲಿಯಾಗಲಿ, ಭಾರೀ ಲಾರಿಗಳು ತುಂಬಿದ ಶಿರಾಡಿಯಲ್ಲಿಯಾಗಲಿ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಗೇರಿನಲ್ಲಿ ಹತ್ತಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಿರಿಯ ಚಾಲಕರ ಮಾತು ಇಂದಿಗೂ ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ, ಹಿಂದೆ ಅದು ಸುರಕ್ಷತೆಯ ಮಾತಾಗಿತ್ತು. ಈಗ ಅದರಲ್ಲಿ ಉಳಿತಾಯವೂ ಸೇರಿದೆ.

ಹದಿನೆಂಟು ನಿಮಿಷಗಳ ಲಾಭ

ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು (ಪಿ.ಸಿ.ಆರ್.ಎ., ಸ್ಥಾಪನೆ 1978) ಗಂಟೆಗೆ 45ರಿಂದ 55 ಕಿ.ಮೀ. ವೇಗ ಅತ್ಯಂತ ಮಿತವ್ಯಯಕರವೆಂದು ಬಹುಕಾಲದಿಂದ ಸಾರುತ್ತ ಬಂದಿದೆ. ತಾಲ್ಲೂಕು ರಸ್ತೆಗಳಿಗೆ ಇದು ಸರಿಯಾದ ಸಲಹೆ. ಆದರೆ ಆರು ಪಥದ ಹೆದ್ದಾರಿಯ ಬಲಬದಿಯಲ್ಲಿ 45 ಕಿ.ಮೀ. ವೇಗದಲ್ಲಿ ಸಾಗುವವನು ಇತರರಿಗೆ ಅಪಾಯವೇ ಹೊರತು ಆದರ್ಶನಲ್ಲ. ಅಲ್ಲಿ ಎಡಬದಿಯ ಪಥದಲ್ಲಿ 80ರ ಆಸುಪಾಸಿನ ಸಮವೇಗವೇ ಉಚಿತವೆಂದು ನನ್ನ ಅಭಿಪ್ರಾಯ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದಾಹರಣೆಯಾಗಿ ನೋಡೋಣ. ಉದ್ದ ಸುಮಾರು 118 ಕಿ.ಮೀ. ನೂರರ ವೇಗದಲ್ಲಿ ಇದಕ್ಕೆ 71 ನಿಮಿಷ, ಎಂಬತ್ತರಲ್ಲಿ 89 ನಿಮಿಷ ಬೇಕು. ಲಾಭ ಹದಿನೆಂಟು ನಿಮಿಷ. ಗಾಳಿಯ ತಡೆಯೂ ವೇಗದ ವರ್ಗದಂತೆ ಏರುವುದರಿಂದ ಈ ಹದಿನೆಂಟು ನಿಮಿಷಗಳಿಗಾಗಿ ಕಾರು ಶೇ. 56ರಷ್ಟು ಹೆಚ್ಚಿನ ಗಾಳಿಯ ತಡೆಯನ್ನು ಎದುರಿಸಬೇಕಾಗುತ್ತದೆ. ಟೈರಿನ ಘರ್ಷಣೆ ಮುಂತಾದವು ಅಷ್ಟು ಏರುವುದಿಲ್ಲವಾದ್ದರಿಂದ ಪೆಟ್ರೋಲಿನ ಖರ್ಚು ಅದೇ ಪ್ರಮಾಣದಲ್ಲಿ ಏರದು. ಆದರೂ ಏರಿಕೆ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಹೀಗೆ ಗಳಿಸಿದ ಹದಿನೆಂಟು ನಿಮಿಷಗಳನ್ನು ಕೆಂಗೇರಿಯ ಈಚೆಗಿನ ವಾಹನದಟ್ಟಣೆಯಲ್ಲಿ ಕುಳಿತು ಕಳೆಯುವುದು ಬಹುತೇಕ ಸದಸ್ಯರ ಅನುಭವವಾಗಿರಬೇಕು.

ಸುರಕ್ಷತೆಯ ಲೆಕ್ಕ ಇದಕ್ಕಿಂತಲೂ ಗಂಭೀರವಾದುದು. ಒಣ ರಸ್ತೆ, ಒಳ್ಳೆಯ ಬ್ರೇಕು, ಅಪಾಯ ಕಂಡು ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡು ಎಂದಿಟ್ಟುಕೊಂಡರೆ, 80ರಲ್ಲಿರುವ ಕಾರು ಸುಮಾರು 57 ಮೀಟರಿನಲ್ಲಿ ನಿಲ್ಲುತ್ತದೆ. ನೂರರಲ್ಲಿರುವ ಕಾರಿಗೆ ಸುಮಾರು 83 ಮೀಟರ್ ಬೇಕು. ಮೊದಲನೆಯ ಕಾರು ಸಂಪೂರ್ಣ ನಿಂತ ಆ 57ನೆಯ ಮೀಟರಿನಲ್ಲಿ ಎರಡನೆಯ ಕಾರಿನ ವೇಗ ಎಷ್ಟಿರುತ್ತದೆ? ಇಪ್ಪತ್ತು ಇರಬಹುದೆಂದು ಹಲವರು ಊಹಿಸುತ್ತಾರೆ. ವಾಸ್ತವವಾಗಿ ಅದು ಇನ್ನೂ ಸುಮಾರು 68 ಕಿ.ಮೀ. ವೇಗದಲ್ಲಿ ಧಾವಿಸುತ್ತಿರುತ್ತದೆ. ಒಂದು ಕಾರು ಮುಟ್ಟದೆ ನಿಂತ ಅದೇ ಲಾರಿಗೆ ಇನ್ನೊಂದು 68ರ ವೇಗದಲ್ಲಿ ಅಪ್ಪಳಿಸುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನರು ಮೃತಪಟ್ಟರು. ಈ ಸಾವುಗಳಲ್ಲಿ ಶೇ. 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ದಾಖಲಿಸಿದೆ.

ಇನ್ನು ಸಣ್ಣಪುಟ್ಟ ವಿಷಯಗಳು. ಟೈರಿನ ಗಾಳಿ ಕಡಿಮೆಯಾದರೆ ಇಂಧನ ಹೆಚ್ಚು ಬೇಕು, ಟೈರಿನ ಅಂಚುಗಳೂ ಬೇಗ ಸವೆಯುತ್ತವೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ಪರೀಕ್ಷಿಸಬೇಕು. ಎಷ್ಟಿರಬೇಕೆಂಬ ಪಟ್ಟಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲೆಯೇ ಅಂಟಿಸಿರುತ್ತದೆ. ನಿಂತಲ್ಲೇ ಉರಿಯುವ ಎಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ನುಂಗಬಹುದು. ಅಂಗಡಿಯ ಮುಂದೆ ಏ.ಸಿ. ಹಾಕಿಕೊಂಡು ಮಾಲೀಕರಿಗಾಗಿ ಕಾಯುವ ಕಾರುಗಳ ಲೆಕ್ಕ ಇದರಿಂದ ತಿಳಿಯುತ್ತದೆ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಉಳಿದ ಮಾದರಿ ಸಾಮಗ್ರಿಗಳ ಭಾರವನ್ನೂ ಪ್ರತಿ ಸಲ ವೇಗ ಹೆಚ್ಚಿಸುವಾಗ ಪೆಟ್ರೋಲೇ ಹೊರಬೇಕು.

ಪರಿಸರದ ಮಾತು

2020ರ ಏಪ್ರಿಲ್ 1ರಿಂದ ದೇಶಾದ್ಯಂತ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದು, ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಹೊಸ ಕಾರಿನ ಹೊಗೆ ಹಳೆಯದಕ್ಕಿಂತ ಎಷ್ಟೋ ಶುದ್ಧ. ಆದರೆ ಇಂಗಾಲದ ಡೈ ಆಕ್ಸೈಡ್ ವಿಷಯದಲ್ಲಿ ಇಂತಹ ಪರಿಹಾರವಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿ.ಗ್ರಾಂ. ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಇಷ್ಟು ಹೇಗೆಂದು ಆಶ್ಚರ್ಯವಾಗಬಹುದು; ಅದರಲ್ಲಿರುವ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಸೇರುವುದರಿಂದ ತೂಕ ಹೆಚ್ಚುತ್ತದೆ. ಇದನ್ನು ತಗ್ಗಿಸಲು ಆ ಕಾರಿನಲ್ಲಿ ಕಡಿಮೆ ಪೆಟ್ರೋಲ್ ಉರಿಸುವುದೊಂದೇ ಮಾರ್ಗ. ಬ್ರೇಕ್ ಪ್ಯಾಡಿನಿಂದಲೂ ಟೈರಿನಿಂದಲೂ ಉದುರುವ ಸೂಕ್ಷ್ಮ ಧೂಳು ಯಾವ ಹೊಗೆ ಪರೀಕ್ಷೆಗೂ ಸಿಗದೆ ಗಾಳಿ ಸೇರುತ್ತದೆ. ವಿದ್ಯುತ್ ಕಾರುಗಳನ್ನು ರೂಪಿಸಿದವರು ಹಣ ಸವೆಯುವ ಸ್ಥಳವನ್ನು ಸರಿಯಾಗಿ ಗುರುತಿಸಿದ್ದಾರೆ: ಆ ಕಾರು ನಿಧಾನಗೊಳ್ಳುವಾಗ ಮೋಟಾರು ಜನರೇಟರಿನಂತೆ ವರ್ತಿಸಿ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಚಾಲಕನ ಮುಂದಾಲೋಚನೆಯೇ ಉಳಿತಾಯ.

ಹಿಂದಿನ ಆಸನದ ಹೊಣೆ

ಇಷ್ಟನ್ನೂ ಓದಿ ಚಾಲಕನನ್ನು ಕರೆದು ಉಪದೇಶಿಸಲು ಹೊರಡುವ ಮೊದಲು ಸದಸ್ಯರು ಒಂದು ಮಾತನ್ನು ಪರಿಗಣಿಸಬೇಕೆಂದು ವಿನಂತಿ. ಹತ್ತು ಗಂಟೆಯ ಸಭೆಗೆ ಎಂಟೂವರೆಗೆ ಹೊರಡಬೇಕಾದವರು ಒಂಬತ್ತಕ್ಕೆ ಹೊರಟು, “ಬೇಗ ನಡೆಯಪ್ಪಾ” ಎನ್ನುವವರು ನಾವೇ. ಸರಕು ತಲುಪಿತೇ ಎಂದು ಹತ್ತು ನಿಮಿಷಕ್ಕೊಮ್ಮೆ ಚಾಲಕನ ಮೊಬೈಲಿಗೆ ಕರೆ ಮಾಡುವವರೂ ನಾವೇ. ನಾನೂ ಬಹುಕಾಲ ಹಾಗೆ ಮಾಡಿದ್ದೇನೆ. ಸ್ಟೀರಿಂಗ್ ಹಿಡಿದವನು ಆ ಕರೆಗೆ ಉತ್ತರಿಸದಿದ್ದರೆ ನಮ್ಮ ಕೋಪ, ಉತ್ತರಿಸಿದರೆ ಅಪಘಾತದ ಭಯ. ಹಿಂದಿನ ಆಸನದಲ್ಲಿ ಸೀಟ್ ಬೆಲ್ಟ್ ಧರಿಸುವುದು ನಿಯಮದಂತೆ ಕಡ್ಡಾಯವಾಗಿದ್ದರೂ ಪಾಲಿಸುವವರು ವಿರಳ. ಟಾಟಾ ಸನ್ಸ್ ಸಂಸ್ಥೆಯ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿಯವರು 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿಯ ಅಪಘಾತದಲ್ಲಿ ನಿಧನರಾದಾಗ ಹಿಂದಿನ ಆಸನದಲ್ಲಿದ್ದರು. ಅವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು.

ಚಾರ್ಮಾಡಿಯ ಆ ಚಾಲಕನ ಉತ್ತರದಲ್ಲಿ ನಮಗೊಂದು ಪಾಠವಿದೆ. ಮೈಲೇಜನ್ನಷ್ಟೇ ಮಾನದಂಡವಾಗಿಸಿ ಬಹುಮಾನವನ್ನೋ ದಂಡವನ್ನೋ ವಿಧಿಸಿದರೆ ಅಪಾಯದ ಉಳಿತಾಯಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಲೆಕ್ಕವಿಡಬೇಕು, ಆದರೆ ಒಂದೇ ಅಂಕಿಯ ಲೆಕ್ಕ ಸಾಲದು. ಟ್ಯಾಂಕನ್ನು ಪೂರ್ತಿ ತುಂಬಿಸಿ ಕಿ.ಮೀ. ಬರೆದಿಟ್ಟು, ಮುಂದಿನ ಸಲವೂ ಪೂರ್ತಿ ತುಂಬಿಸಿದಾಗ ಹಿಡಿದ ಲೀಟರುಗಳಿಂದ ಓಡಿದ ದೂರವನ್ನು ಭಾಗಿಸಬೇಕು. ಒಂದು ಸಲದ ಅಂಕಿಯನ್ನು ನಂಬದೆ ನಾಲ್ಕೈದು ಸಲದ ಸರಾಸರಿ ತೆಗೆಯಬೇಕು. ಘಾಟಿಯ ಪ್ರಯಾಣವನ್ನೂ ಊರೊಳಗಿನ ಓಡಾಟವನ್ನೂ ಬೇರೆ ಬೇರೆಯಾಗಿ ನಮೂದಿಸದಿದ್ದರೆ ಚಾಲಕನಿಗೆ ಅನ್ಯಾಯವಾಗುತ್ತದೆ. ಅದೇ ಪುಸ್ತಕದ ಮತ್ತೊಂದು ಕಲಮಿನಲ್ಲಿ ಬ್ರೇಕ್ ಪ್ಯಾಡುಗಳನ್ನು ಎಷ್ಟು ಕಿ.ಮೀ.ಗೆ ಬದಲಿಸಲಾಯಿತೆಂಬುದನ್ನು ಬರೆಯಬೇಕು. ಮೈಲೇಜು ಉತ್ತಮವಾಗಿದ್ದು ಪ್ಯಾಡುಗಳೂ ದೀರ್ಘಕಾಲ ಬಾಳಿದ್ದರೆ ಆ ಚಾಲಕನು ಮುಂದೆ ನೋಡಿ ಓಡಿಸುವವನು. ಆತನ ವೇತನ ಏರಿಸಲು ಹಿಂದೆಮುಂದೆ ನೋಡಬೇಕಾಗಿಲ್ಲ. ಮೈಲೇಜು ಉತ್ತಮವಾಗಿದ್ದೂ ಪ್ಯಾಡುಗಳು ಬೇಗ ಸವೆದಿದ್ದರೆ, ಘಾಟಿಯಲ್ಲಿ ಗೇರು ನ್ಯೂಟ್ರಲಿನಲ್ಲಿತ್ತೇ ಎಂದು ಆತನನ್ನು ಹತ್ತಿರ ಕೂರಿಸಿಕೊಂಡು ವಿಚಾರಿಸುವುದು ಒಳಿತು.