ಕತ್ತಲೆಕಾನಿನ ಮರ

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಮ್ಮೆ ಮಕ್ಕಳನ್ನು ಕರೆದುಕೊಂಡು ಸಂಡೂರಿನ ದೋಣಿಮಲೈಗೆ ಹೋಗಿದ್ದೆನು. ಅದಿರಿನ ಕೆಂಧೂಳಿ ಮೆತ್ತಿಕೊಂಡಿದ್ದ ಗಿಡವೊಂದನ್ನು ತೋರಿಸಿ ಹುಡುಗನೊಬ್ಬನು, "ಗುರುಗಳೇ, ಇದರ ಹೆಸರೇನು?" ಎಂದನು. ಕನ್ನಡ ಓದಿದ ನನಗೆ ಅದು ತಿಳಿಯದು. "ಯಾರೂ ಹೆಸರಿಡದ ಗಿಡವೂ ಇರುತ್ತದೆಯೇ?" ಎಂದು ಅವನು ಮತ್ತೆ ಕೇಳಿದನು. ಆ ದಿನ ನಕ್ಕು ಸುಮ್ಮನಾದೆನು. ಇರುತ್ತದೆಂಬ ಉತ್ತರ ಬಹುಕಾಲದ ಮೇಲೆ, ಉತ್ತರ ಕನ್ನಡ ಜಿಲ್ಲೆಯ ಒಂದು ಮರದ ಕಥೆಯಿಂದ ನನಗೆ ದೊರೆಯಿತು.

ಸಿದ್ದಾಪುರ ತಾಲ್ಲೂಕಿನಲ್ಲಿ, ಜೋಗದಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ ಕತ್ತಲೆಕಾನು ಎಂಬ ಅರಣ್ಯವಿದೆ. ಮಲೆನಾಡಿನ ಮಾತಿನಲ್ಲಿ ಕಾನು ಎಂದರೆ ನಿತ್ಯಹರಿದ್ವರ್ಣದ ದಟ್ಟ ಅಡವಿ. ಅದರೊಳಗೆ ವರ್ಷವೆಲ್ಲ ನೀರು ಜಿನುಗುವ ಕೆಸರುನೆಲಗಳುಂಟು. ಇವಕ್ಕೆ ರಾಮಪತ್ರೆ ಜಡ್ಡಿಗಳೆಂದು ಹೆಸರು. ರಾಮಪತ್ರೆಯ ಜಾತಿಯ ಮರಗಳು ಅಲ್ಲಿ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಂತಿರುತ್ತವೆ. ಕೆಲವು ಬೇರುಗಳು ಗಾಳಿಗಾಗಿ ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೇಳುತ್ತವೆ.

ಈ ಜಡ್ಡಿಯಲ್ಲಿ ಬೆಳೆದ ಒಂದು ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಅವರು 2000ನೆಯ ಇಸವಿಯಲ್ಲಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ಅದು ಗೇರಿನ ಬಳಗಕ್ಕೆ ಸೇರಿದುದು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಕರಿಗೇರಿನ ಕಾಯಿಯ ರಸವನ್ನು ಬಳಸುತ್ತಿದ್ದರು. ಆದುದರಿಂದಲೇ ಆ ಕುಲಕ್ಕೆ 'ಸೆಮೆಕಾರ್ಪಸ್', ಅಂದರೆ ಗ್ರೀಕ್ ನುಡಿಯಲ್ಲಿ ಗುರುತಿನ ಕಾಯಿ, ಎಂಬ ಹೆಸರು ಬಂದಿತು. ಹೊಸ ಮರವು 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಆಯಿತು. ಅಚ್ಚಗನ್ನಡದ ಊರ ಹೆಸರೊಂದು ಲ್ಯಾಟಿನ್ ಪ್ರತ್ಯಯವನ್ನು ತೊಟ್ಟು ಜಗತ್ತಿನ ಸಸ್ಯಪಟ್ಟಿಯನ್ನು ಸೇರಿದುದಕ್ಕೆ ಕನ್ನಡ ಮೇಷ್ಟರು ಹೆಮ್ಮೆಪಟ್ಟರೆ ಮನ್ನಿಸಬೇಕು.

ಈ ನಾಮಕರಣ ಸುಲಭವಲ್ಲ. ಎಲೆ, ಹೂ, ಕಾಯಿಗಳುಳ್ಳ ರೆಂಬೆಗಳನ್ನು ಒತ್ತಿ ಒಣಗಿಸಬೇಕು. ತಿಳಿದಿರುವ ಸೋದರ ಪ್ರಭೇದಗಳೊಡನೆ ಹೋಲಿಸಿ, ಇದು ಅವುಗಳಲ್ಲಿ ಯಾವುದೂ ಅಲ್ಲವೆಂದು ತೋರಿಸಬೇಕು. ಮುಂದಿನವರ ಪರಿಶೀಲನೆಗಾಗಿ ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಇರಿಸಬೇಕು. ಅಷ್ಟಾದ ಮೇಲೆಯೇ ಮರಕ್ಕೆ ಲೆಕ್ಕದಲ್ಲಿ ಜಾಗ. ಹೆಸರಿಲ್ಲದ ಮರ ಉರುಳಿದರೆ ಏನು ಹೋಯಿತೆಂದು ಹೇಳುವವರೇ ಇರುವುದಿಲ್ಲ.

ಎಣಿಸಲು ಹೊರಟಾಗ ಆತಂಕವೇ ಎದುರಾಯಿತು. ಆರಂಭದ ಸಮೀಕ್ಷೆಗಳಲ್ಲಿ ಪ್ರೌಢ ಮರಗಳ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಇದರಲ್ಲಿ ಗಂಡು ಹೂವಿನ ಮರವೇ ಬೇರೆ, ಹೆಣ್ಣು ಹೂವಿನ ಮರವೇ ಬೇರೆ. ಹತ್ತಿರದ ಗಂಡು ಮರ ಬಿದ್ದುಹೋದರೆ ಹೆಣ್ಣು ಮರ ಕಾಯಿ ಕಟ್ಟದೆ ನಿಂತೀತು. ಬೀಜವನ್ನು ರಾಗಿ, ಜೋಳದಂತೆ ಒಣಗಿಸಿ ಕಾಪಿಡೋಣವೆಂದರೆ, ತೇವವಾರಿದೊಡನೆ ಅದು ಮೊಳಕೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಮರ ಉಳಿಯಬೇಕಾದರೆ ಜಡ್ಡಿಯೇ ಉಳಿಯಬೇಕು. ಆದರೆ ನೀರಿರುವ ನೆಲವೆಂದು ಎಷ್ಟೋ ಜಡ್ಡಿಗಳು ಈಗಾಗಲೇ ಅಡಕೆ ತೋಟಗಳೂ ಗದ್ದೆಗಳೂ ಆಗಿಹೋಗಿವೆ. ಹೊಟ್ಟೆಪಾಡಿಗಾಗಿ ಉತ್ತವರನ್ನು ಹೇಗೆ ದೂರುವುದು?

2011ರಲ್ಲಿ ಕತ್ತಲೆಕಾನನ್ನೊಳಗೊಂಡ ಪ್ರದೇಶವನ್ನು ಸಿಂಗಳೀಕಗಳ ಹೆಸರಿನಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿತು. ಕಪಿಯ ನೆರಳಿನಲ್ಲಿ ಮರಕ್ಕೂ ರಕ್ಷಣೆ ದೊರೆಯಿತು. ಇತ್ತ ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಬೀಜಗಳನ್ನು ಆಯ್ದು, ಸಸಿ ಮಾಡಿ, ಜಡ್ಡಿಗಳಲ್ಲಿ ನೆಟ್ಟರು. ಆ ಸಸಿಗಳಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂಬುದನ್ನು ನೋಡಿ ಹೇಳಲಾಗದು. ಅವು ಬೆಳೆದು ಹೂ ಬಿಡುವವರೆಗೆ ಕಾಯಬೇಕು.